ಪಾಳುಬಿದ್ದ ಖಣಿಯ ದಂಡೆಯಲ್ಲಿ

ಕಳೆದ ತಿಂಗಳು ಇದೇ ಪುಟದಲ್ಲಿ ಮನೆಯ ಹಿತ್ತಲಿನ ಬಾವಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದುದನ್ನು ವಾಚಕರು ಮರೆತಿರಲಾರರು. ಈ ತಿಂಗಳು ಬರೆಯಬೇಕಾಗಿ ಬಂದಿರುವುದು ಮೆಟ್ಟಿಲೂ ಕಟ್ಟೆಯೂ ಇಲ್ಲದ ಇನ್ನೊಂದು ನೀರಿನ ಕುರಿತು. ಬಾವಿಯನ್ನು ತೋಡಿದವರು ನೀರಿಗಾಗಿ ತೋಡಿದರು; ಇದನ್ನು ತೋಡಿದವರು ಕಲ್ಲಿಗಾಗಿ ತೋಡಿದರು. ಕಲ್ಲು ತೀರಿದ ಮೇಲೆ ಅವರು ಹೊರಟುಹೋದರು. ಅವರು ಬಿಟ್ಟುಹೋದ ಜಾಗದಲ್ಲಿ ಮಳೆಯ ನೀರು ಬಂದು ನೆಲೆಸಿತು. ಅಂಥ ನೀರನ್ನು ನೋಡುವ ಸಂದರ್ಭವು ನನಗೆ ಈ ವಯಸ್ಸಿನಲ್ಲಿ, ಅದೂ ಮೋಟಾರು ಸೈಕಲ್ಲಿನ ಹಿಂದಿನ ಪೀಠದ ಮೇಲೆ ಕುಳಿತು ಹೋಗುವುದರಿಂದ ಒದಗಿತೆಂದರೆ ವಾಚಕರು ನಗಬಹುದು. ನಗಲಿ, ಆದರೆ ಕೊನೆಯವರೆಗೆ ಓದಲಿ.

ನನ್ನ ತಂಗಿಯ ಮಗನು ಕಲಬುರಗಿಯಲ್ಲಿ ಒಂದು ಉದ್ಯೋಗದಲ್ಲಿದ್ದಾನೆ. ಅವನೂ ಅವನ ಏಳು ಮಂದಿ ಗೆಳೆಯರೂ ತಿಂಗಳಿಗೊಂದು ಭಾನುವಾರ ತಮ್ಮ ತಮ್ಮ ಮೋಟಾರು ಸೈಕಲ್ಲುಗಳನ್ನೇರಿ ಎಲ್ಲಿಗಾದರೂ ಹೋಗಿ ಬರುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ಈ ಸಲ ಅವರು ಗೊತ್ತುಮಾಡಿಕೊಂಡ ಸ್ಥಳವು ಶಹಾಬಾದಿಗೆ ಹೊಂದಿದಂತಿರುವ ಭಂಕೂರದ ಕಡೆಯ ಹಳೆಯ ಕಲ್ಲಿನ ಖಣಿ. “ಅಲ್ಲಿ ನೀರು ನೀಲಿಯಾಗಿ ಕನ್ನಡಿಯಂತಿದೆಯಂತೆ, ಈಸಬಹುದಂತೆ” ಎಂದು ಯಾರೋ ಅವನಿಗೆ ಹೇಳಿದ್ದರು. ಈ ‘ಈಸಬಹುದಂತೆ’ ಎಂಬ ಒಂದು ಮಾತು ನನ್ನ ತಂಗಿಯ ಕಿವಿಗೆ ಬಿದ್ದುದೇ ತಡ, ಅವಳು ನನ್ನ ಮನೆಗೆ ಬಂದಳು. “ಅಣ್ಣಾ, ಬ್ಯಾಡಂದ್ರ ಹೇಳದೆ ಹೋಗ್ತಾನ. ನೀನೂ ಅವನ ಜೊತಿಗಿ ಹೋಗು” ಎಂದಳು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಈಗ ವಿಶ್ರಾಂತಿಯಲ್ಲಿರುವ ನಾನು ಇನ್ನೊಂದು ದಿವಸ ಉಪಾಧ್ಯಾಯನಾಗಲು ಒಪ್ಪಿದೆನು. ಪಾಠ ಕಲಿತವನು ಯಾರೆಂಬುದು ಮುಂದೆ ತಿಳಿಯುವುದು.

ಮಾರ್ಗಶಿರದ ಚಳಿಯ ಬೆಳಗು. ಎಂಟು ಗಾಡಿಗಳೂ ನಮ್ಮ ಮನೆಯ ಮುಂದೆ ಬಂದು ನಿಂತಾಗ ಓಣಿಯ ನಾಯಿಗಳೆಲ್ಲ ಎಚ್ಚೆತ್ತವು. ನಮ್ಮ ತಂದೆಯ ಕಾಲದಲ್ಲಿ ಊರಿಗೊಂದು ‘ಫಟಫಟಿ’ ಇದ್ದರೆ ಅದೇ ಜಾತ್ರೆ. ಈಗ ಎಂಟು ಒಟ್ಟಿಗೆ. ಹುಡುಗರ ವಿಷಯದಲ್ಲಿ ನನಗಿದ್ದ ಪೂರ್ವಗ್ರಹವು ಮೊದಲ ಮೈಲಿಯಲ್ಲಿಯೇ ಅರ್ಧ ಕರಗಿತೆಂಬುದನ್ನು ಮುಚ್ಚಿಡಬಾರದು. ದಾರಿ ಬಲ್ಲವನು ಮುಂದೆ, ಎಲ್ಲರಿಗಿಂತ ಅನುಭವಿಯು ಕೊನೆಗೆ. ನಡುವಿನವರು ಅಕ್ಕಪಕ್ಕ ಹೋಗದೆ ಒಬ್ಬನು ಎಡಕ್ಕೆ, ಅವನ ಹಿಂದಿನವನು ಬಲಕ್ಕೆ, ಹೀಗೆ ಹೆಜ್ಜೆ ತಪ್ಪಿಸಿಕೊಂಡು ಸಾಲಾಗಿ ಹೋಗುವುದು. ಮುಂದಿನವನು ಗುಂಡಿಯನ್ನು ಕಂಡರೆ ಕಾಲನ್ನು ಚಾಚಿ ಹಿಂದಿನವನಿಗೆ ತೋರಿಸುವುದು. ನಡೆಸುವವನಿಗೂ ಹಿಂದೆ ಕುಳಿತವನಿಗೂ ತಲೆಗೆ ಹೆಲ್ಮೆಟ್ಟು ತಪ್ಪದಿರುವುದು. ಅವರ ಈ ಕಟ್ಟಳೆಗಳನ್ನು ನೋಡಿ, ನಾವು ಎಷ್ಟೋ ಮದುವೆಯ ದಿಬ್ಬಣಗಳನ್ನು ಇದಕ್ಕಿಂತ ಅಶಿಸ್ತಿನಿಂದ ಕೊಂಡೊಯ್ದಿರುವೆವಲ್ಲ ಎನ್ನಿಸಿತು. ರಸ್ತೆಯ ಮೇಲೆ ಇಷ್ಟು ಎಚ್ಚರವುಳ್ಳವರು ನೀರಿನ ಬಳಿ ಏಕೆ ಎಚ್ಚರ ತಪ್ಪುವರೆಂಬುದೇ ಈ ಲೇಖನದ ಪ್ರಶ್ನೆ.

ಕಲಬುರಗಿಯಿಂದ ಶಹಾಬಾದಿಗೆ ಸುಮಾರು 30 ಕಿಲೋಮೀಟರು. ಎರಡು ಬದಿಗೂ ತೊಗರಿಯ ಹೊಲಗಳು ಕಾಯಿ ಬಲಿತು ನಿಂತಿದ್ದವು. ಈ ಅಲ್ಪ ದಾರಿಯಲ್ಲಿ ಕಣ್ಣು ತೆರೆದು ಹೋಗುವವನಿಗೆ ಒಂದು ವಿಚಿತ್ರವು ಕಾಣುವುದು. ಕಲಬುರಗಿಯ ಕೋಟೆಯ ಕಲ್ಲು ಕಪ್ಪು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದು ಆರಿದ ದಖನ್ನಿನ ಕರಿಕಲ್ಲು ಅದು. ದಕ್ಷಿಣಕ್ಕೆ ಸಾಗಿದಂತೆ ಈ ಕಪ್ಪು ಹೊದಿಕೆ ತೆಳುವಾಗುತ್ತ ಹೋಗಿ, ಅದರಡಿಯಿಂದ ಬೂದುಬಣ್ಣದ, ಹಾಳೆ ಹಾಳೆಯಾದ ಸುಣ್ಣದ ಕಲ್ಲು ತಲೆಯೆತ್ತುವುದು. ಹೊಲದ ಬದುವು, ಮನೆಯ ಗೋಡೆ, ದನದ ಕೊಟ್ಟಿಗೆಯ ನೆಲ, ಚರಂಡಿಯ ಮುಚ್ಚಳ, ಗುಡಿಯ ಅಂಗಳ, ಎಲ್ಲವೂ ಆ ಒಂದೇ ಕಲ್ಲಿನವು. ಊರವರು ಅದನ್ನು ‘ಫರಸಿ’ ಎನ್ನುವರು. ಹೊರಗಿನವರು ‘ಶಹಾಬಾದ ಕಲ್ಲು’ ಎನ್ನುವರು. ಭೂಗರ್ಭಶಾಸ್ತ್ರಜ್ಞರು ಇದನ್ನು ಭೀಮಾ ತಂಡದ ಶಿಲೆಯೆಂದು ಕರೆಯುತ್ತಾರೆ. ಐವತ್ತು ಕೋಟಿ ವರ್ಷಗಳಿಗಿಂತಲೂ ಹಿಂದೆ, ನೆಲದ ಮೇಲೆ ಹುಲ್ಲಿನ ಗರಿಯೂ ಇಲ್ಲದ ಕಾಲದಲ್ಲಿ, ಇಲ್ಲಿ ಹರಡಿಕೊಂಡಿದ್ದ ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕುಳಿತು ಗಟ್ಟಿಯಾದುದು. ಸಮುದ್ರದಿಂದ ಇಷ್ಟು ದೂರದಲ್ಲಿ ನಾವು ಸಮುದ್ರದ ತಳದ ಮೇಲೆ ಕುಳಿತು ಊಟ ಮಾಡುತ್ತಿದ್ದೇವೆ!

ಶಹಾಬಾದಿನ ಭಾಗ್ಯವನ್ನು ತೆರೆದುದು ರೈಲು. 1871ರಲ್ಲಿ ಮುಂಬಯಿಯಿಂದ ಹೊರಟ ಕಬ್ಬಿಣದ ದಾರಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಕವಲೊಡೆಯಿತು. ಹೊರಲಾರದ ಭಾರದ ಸರಕಿಗೆ ಹೊರುವವನು ಸಿಕ್ಕಂತಾಯಿತು. ಎತ್ತಿನ ಬಂಡಿ ಹೋಗುವಷ್ಟು ದೂರದಲ್ಲಿ ಮಾತ್ರ ಮಾರಾಟವಾಗುತ್ತಿದ್ದ ಫರಸಿಯು ದೂರ ದೂರದ ಪಟ್ಟಣಗಳ ಮನೆಗಳನ್ನು ಸೇರಿತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟಿನ ಕಂಪೆನಿಯೊಂದು ಹುಟ್ಟಿತು. 1936ರಲ್ಲಿ ದೇಶದ ಹತ್ತು ಸಿಮೆಂಟು ಕಂಪೆನಿಗಳು ಕೂಡಿ ಎ.ಸಿ.ಸಿ. ಎಂಬ ಸಂಸ್ಥೆಯಾದಾಗ ಅವುಗಳಲ್ಲಿ ಇದೂ ಒಂದು. 1968ರಲ್ಲಿ ಹತ್ತಿರದ ವಾಡಿಯಲ್ಲಿ ದೊಡ್ಡ ಕಾರ್ಖಾನೆ ಬಂದಿತು. ಇಂದು ಸೇಡಂ, ಚಿತ್ತಾಪುರ, ವಾಡಿಗಳ ಸುತ್ತಿನಲ್ಲಿ ಸಿಮೆಂಟಿನ ಗೋಪುರಗಳು ಗುಡಿಗಳ ಶಿಖರಗಳಿಗಿಂತ ಎತ್ತರವಾಗಿ ನಿಂತಿವೆ. ಶಹಾಬಾದಿನ ಆ ಹಳೆಯ ಕಾರ್ಖಾನೆಯ ಕಾಲ ಮಾತ್ರ ಮುಗಿದುಹೋಯಿತು.

ನಾವು ಭಂಕೂರವನ್ನು ದಾಟಿ ಒಂದು ಬಂಡಿಯ ಜಾಡನ್ನು ಹಿಡಿದೆವು. ಎರಡು ಬದಿಗೂ ಕಲ್ಲಿನ ಚೂರುಗಳ ದಿಬ್ಬಗಳು. ಹಾಸುಗಲ್ಲಾಗಿ ಹೊರಬಿದ್ದುದಕ್ಕಿಂತ ಒಡೆದು ಕೆಲಸಕ್ಕೆ ಬಾರದೆ ಬಿದ್ದುದೇ ಹೆಚ್ಚಾಗಿರುವಂತೆ ಕಾಣುತ್ತಿತ್ತು. ದಿಬ್ಬಗಳ ಮೇಲೆ ಜಾಲಿಯೂ ಬಾರಿಯ ಗಿಡವೂ ಬೆಳೆದಿದ್ದವು. ಕೊನೆಯ ದಿಬ್ಬವನ್ನು ಹತ್ತಿದ ಕೂಡಲೆ ಹುಡುಗರೆಲ್ಲರೂ ಒಮ್ಮೆಗೇ ಸುಮ್ಮನಾದರು. ಕೆಳಗೆ ನಾಲ್ಕು ಕಡೆಗೂ ಚಾಕುವಿನಿಂದ ಕೊಯ್ದಂತೆ ನೆಟ್ಟಗಿಳಿದ ಗೋಡೆಗಳು. ಗೋಡೆಯಲ್ಲಿ ಕಲ್ಲಿನ ನೂರಾರು ಎಳೆಗಳು, ಜರಿಯ ಅಂಚಿನ ಮಡಿಕೆಗಳಂತೆ. ಅವುಗಳ ನಡುವೆ ಅಲುಗಾಡದೆ ಮಲಗಿದ ಹಸಿರುನೀಲಿಯ ನೀರು. ಒಂದು ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ತೊಲೆಯೊಂದು ನೀರಿನ ಕಡೆಗೆ ಬಾಗಿ ನಿಂತಿತ್ತು. ಒಂದು ಮಿಂಚುಳ್ಳಿಯು ಆ ತೊಲೆಯಿಂದ ಹಾರಿ ನೀರನ್ನು ಮುಟ್ಟಿ ಮರಳಿತು. ಸುಂದರವೆಂದು ಒಪ್ಪಿಕೊಳ್ಳಲೇಬೇಕು. ಅಪಾಯವು ಕುರೂಪವಾಗಿದ್ದಿದ್ದರೆ ಲೋಕದಲ್ಲಿ ಅರ್ಧ ದುಃಖವಿರುತ್ತಿರಲಿಲ್ಲ.

ಹುಡುಗರು ಗಾಡಿಗಳನ್ನು ನಿಲ್ಲಿಸಿ, ಒಬ್ಬಿಬ್ಬರು ಅಂಗಿಯ ಗುಂಡಿಗೆ ಕೈಹಾಕುವಷ್ಟರಲ್ಲಿ ದಿಬ್ಬದಾಚೆಯಿಂದ ಒಂದು ಕೂಗು ಕೇಳಿಸಿತು. ಆಡುಗಳನ್ನು ಕಾಯುತ್ತಿದ್ದ ಒಬ್ಬ ವೃದ್ಧನು ಕೋಲನ್ನೂರಿಕೊಂಡು ಬಂದನು. ಎಪ್ಪತ್ತನ್ನು ದಾಟಿದ ಪ್ರಾಯ. ಎಡಗೈಯ ಎರಡು ಬೆರಳುಗಳು ಅರ್ಧಕ್ಕೇ ನಿಂತಿದ್ದವು.

“ತಮ್ಮಾ, ಅಂಚಿಗಿ ಹೋಗಬ್ಯಾಡ್ರಿ. ನೀರಿಗಂತೂ ಇಳೀಲೇಬ್ಯಾಡ್ರಿ” ಎಂದನು.

“ಮುತ್ಯಾ, ನಮಗ ಈಸು ಬರ್ತದ” ಎಂದು ಒಬ್ಬ ಹುಡುಗನು ನಗುತ್ತ ಹೇಳಿದನು.

“ಈಸು ಬರ್ತದ ಖರೆ. ಏರೂದು ಬರ್ತದೇನು?”

ಹುಡುಗನಿಗೆ ಉತ್ತರ ತೋಚಲಿಲ್ಲ. ಅಷ್ಟರಲ್ಲಿ ಇನ್ನೊಬ್ಬನು, ನೀರಿನ ಚಿತ್ರವನ್ನು ತೆಗೆಯಬೇಕೆಂದು ಮೊಬೈಲು ಫೋನನ್ನು ಮುಂದೆ ಹಿಡಿದು ಅಂಚಿನ ಹಾಸುಗಲ್ಲಿನ ಮೇಲೆ ಒಂದು ಹೆಜ್ಜೆಯಿಟ್ಟನು. ಆ ಕಲ್ಲು ಮನೆಯ ಪಡಸಾಲೆಯ ಕಲ್ಲಿನಂತೆಯೇ ಸಮವಾಗಿ, ಗಟ್ಟಿಯಾಗಿ ಕಾಣುತ್ತಿತ್ತು. ಆದರೆ ಅದರ ಕೆಳಗಿನ ಎಳೆಗಳು ಮಳೆಗೆ ಸವೆದು ಜಾರಿಹೋಗಿ, ಅದು ಅರ್ಧ ಗಾಳಿಯಲ್ಲಿ ಚಾಚಿಕೊಂಡಿತ್ತು. ಹೆಜ್ಜೆಯ ಭಾರ ಬಿದ್ದೊಡನೆ ಆ ಚಪ್ಪಡಿಯು ತಕ್ಕಡಿಯ ತಟ್ಟೆಯಂತೆ ವಾಲಿತು. ನನ್ನ ಸೋದರಳಿಯನು ಗೆಳೆಯನ ಅಂಗಿಯ ಬೆನ್ನನ್ನು ಹಿಡಿದೆಳೆದನು. ಇಬ್ಬರೂ ಹಿಂದಕ್ಕೆ, ನನ್ನ ಕಾಲ ಬಳಿ ಬಂದು ಬಿದ್ದರು. ಚಪ್ಪಡಿಯು ನೀರಿಗೆ ಬಿದ್ದ ಶಬ್ದವು ನಾಲ್ಕು ಗೋಡೆಗಳಿಗೂ ಬಡಿದು ಮರಳಿ ಬಂದಿತು. ಕೈಜಾರಿದ ಫೋನೂ ಅದರ ಹಿಂದೆಯೇ ಹೋಯಿತು. ನೀರು ಅಷ್ಟು ತಿಳಿಯಾಗಿದ್ದುದರಿಂದ ಆ ಪುಟ್ಟ ಗಾಜಿನ ಹೊಳಪು ಅತ್ತಿತ್ತ ಓಲಾಡುತ್ತ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತ, ಕಡೆಗೆ ಕತ್ತಲಲ್ಲಿ ಕರಗಿದುದನ್ನು ನಾವೆಲ್ಲರೂ ನಿಂತು ನೋಡಿದೆವು. ತಳವನ್ನು ಮುಟ್ಟಿದುದನ್ನು ಯಾರೂ ನೋಡಲಿಲ್ಲ.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ವೃದ್ಧನು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಆಡು ಕಟ್ಟುವ ಹಗ್ಗಗಳನ್ನು ಒಂದಕ್ಕೊಂದು ಗಂಟುಹಾಕಿ, ತುದಿಗೆ ಒಂದು ಕಲ್ಲನ್ನು ಕಟ್ಟಿ, ಭದ್ರವಾದ ಜಾಗವೊಂದನ್ನು ಆರಿಸಿ ಹೊಟ್ಟೆಯ ಮೇಲೆ ಮಲಗಿ ನೀರಿಗೆ ಬಿಟ್ಟನು. “ಎಷ್ಟು ಆಳ ಇರಬೇಕಂತೀರಿ?” ಎಂದು ಕೇಳಿದನು. ಹುಡುಗರು ಎರಡು ಮಾರು, ಮೂರು ಮಾರು ಎಂದರು. ಅವನು ಹಗ್ಗವನ್ನು ಮಾರು ಮಾರಾಗಿ ಎಣಿಸುತ್ತ ಬಿಡುತ್ತ ಹೋದನು. ಆರು ಮಾರಿಗೆ ಹಗ್ಗ ಮುಗಿಯಿತು. ಕಲ್ಲು ಇನ್ನೂ ತೂಗಾಡುತ್ತಲೇ ಇತ್ತು. ಅದೂ ಗೋಡೆಯಿಂದ ಒಂದು ಮೊಳ ದೂರದಲ್ಲಿ.

ಉಪಾಧ್ಯಾಯನ ಕೆಲಸವು ನನಗೆ ಆಗ ನೆನಪಿಗೆ ಬಂದಿತು. ತಿಳಿನೀರು ಕಣ್ಣಿಗೆ ಸುಳ್ಳು ಹೇಳುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ನಾಲ್ಕಾಳು ಆಳದ ನೀರು ಮೇಲಿನಿಂದ ನೋಡುವವನಿಗೆ ಮೂರಾಳಿನಂತೆ ಕಾಣುತ್ತದೆ. ಕೆರೆಯಲ್ಲಿ ಕಾಲಿಟ್ಟಂತೆ ಮೆಲ್ಲಮೆಲ್ಲನೆ ಆಳವಾಗುವ ದಂಡೆ ಇಲ್ಲಿಲ್ಲ. ಮೊದಲ ಹೆಜ್ಜೆಯೇ ಕೊನೆಯ ಆಳ. ಬಿಸಿಲು ಮೇಲಿನ ನೀರನ್ನಷ್ಟೇ ಕಾಯಿಸುತ್ತದೆ. ಎರಡಾಳು ಕೆಳಗೆ ಹೋದರೆ ನೀರು ಥಟ್ಟನೆ ತಣ್ಣಗಾಗಿ, ದೇಹವು ಬೆಚ್ಚಿ ಉಸಿರು ಸೆಳೆದುಕೊಳ್ಳುತ್ತದೆ. ನೀರಿನೊಳಗೆ ಸೆಳೆದುಕೊಂಡ ಉಸಿರು ಉಸಿರಲ್ಲ. ಇಷ್ಟನ್ನೂ ಗೆದ್ದು ಮೇಲೆ ಬಂದವನಿಗೆ ಹಿಡಿಯಲು ಮೆಟ್ಟಿಲಿಲ್ಲ, ಬೇರಿಲ್ಲ. ಪಾಚಿಗಟ್ಟಿದ ನುಣ್ಣನೆಯ ಗೋಡೆ, ಹಿಡಿದರೆ ಕೈಗೇ ಕಿತ್ತುಬರುವ ಕಲ್ಲಿನ ಎಳೆ. ಬಲ್ಲ ಈಜುಗಾರನು ಇಂಥಲ್ಲಿ ಸಾಯುವುದು ಈಜಲಾರದೆ ಅಲ್ಲ, ಏರಲಾರದೆ. ವೃದ್ಧನು ಎರಡೇ ಶಬ್ದಗಳಲ್ಲಿ ಕೇಳಿದ್ದ ಪ್ರಶ್ನೆಯ ಅರ್ಥವು ಇದೇ.

ನಾವು ಜಾಲಿಯ ನೆರಳಿಗೆ ಬಂದು ಬುತ್ತಿಯನ್ನು ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾದ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು. ಮುತ್ಯಾನನ್ನೂ ಕೂಡಿಸಿಕೊಂಡೆವು. ಅವನು ಮೂವತ್ತು ವರ್ಷ ಫರಸಿಯ ಖಣಿಗಳಲ್ಲಿ ಕಲ್ಲೆಬ್ಬಿಸಿದವನು. ಮೇಲಿನ ಕರಿಮಣ್ಣನ್ನೂ ಸಡಿಲ ಕಲ್ಲನ್ನೂ ತೆಗೆದ ಮೇಲೆ ಗಟ್ಟಿ ಪದರವು ಸಿಕ್ಕುವುದು. ಹಾಸುಗಲ್ಲಿಗೆ ಮದ್ದು ಹಾರಿಸುವಂತಿಲ್ಲ. ಹಾರಿಸಿದರೆ ಒಡೆದು ಚೂರಾಗುವುದು. ನೂಲು ಹಿಡಿದು ಗೆರೆ ಹಾಕಿ, ಉಳಿಯಿಂದ ಗೆರೆಯುದ್ದಕ್ಕೂ ಗಾಡಿ ತೆಗೆದು, ಎಳೆಯ ಸಂದಿಗೆ ಸಬ್ಬಲವನ್ನು ತೂರಿಸಿ ನಾಲ್ಕು ಜನ ಒಟ್ಟಿಗೆ ಒತ್ತಿದರೆ ಚಪ್ಪಡಿಯು ಮೇಲೇಳುವುದು. “ಕಲ್ಲಿನ ಮಾತು ಕೇಳಬೇಕ್ರೀ ಸರ. ಸುತ್ತಿಗಿ ತಾಗಿದಾಗ ಗಣ್ ಅಂದ್ರ ಗಟ್ಟಿ, ಡಬ್ ಅಂದ್ರ ಒಳಗ ಬಿರುಕು. ನಾ ಒಂದ ದಿನ ಕೇಳಲಿಲ್ಲ” ಎಂದು ಅವನು ತನ್ನ ಎಡಗೈಯನ್ನು ತಿರುಗಿಸಿ ತೋರಿಸಿದನು. ಹೆಂಗಸರು ತಲೆಯ ಮೇಲೆ ಸಿಂಬೆಯಿಟ್ಟು ಚೂರುಗಲ್ಲನ್ನು ಹೊತ್ತು ಏರುಹಾದಿಯಲ್ಲಿ ದಿಬ್ಬಕ್ಕೆ ಸುರಿಯುತ್ತಿದ್ದರಂತೆ. ನಾವು ಸುಲಭವಾಗಿ ಹತ್ತಿ ಬಂದ ದಿಬ್ಬವು ಒಬ್ಬೊಬ್ಬಳ ಬುಟ್ಟಿಯಿಂದ ಬೆಳೆದುದು. ಯಂತ್ರದ ಗರಗಸಗಳು ಬಂದುವು. ಅವುಗಳ ಹಿಂದೆಯೇ ಹೊಳೆಯುವ ಟೈಲುಗಳು ಪೇಟೆಗೆ ಬಂದುವು. ಫರಸಿಯ ಬೇಡಿಕೆ ಇಳಿಯಿತು. ಅವನಿದ್ದ ಖಣಿಯ ಕೆಲಸ ನಿಂತಿತು. ನೀರೆತ್ತುವ ಪಂಪು ನಿಂತ ವರ್ಷವೇ ಹೊಂಡ ತುಂಬಿತಂತೆ.

ಸಿಮೆಂಟಿನ ಖಣಿಗಳ ರೀತಿ ಬೇರೆ. ಅಲ್ಲಿ ಚಪ್ಪಡಿಯ ಅಂದ ಬೇಕಿಲ್ಲ. ಮದ್ದು ಹಾರಿಸಿ, ಕಲ್ಲನ್ನು ಪುಡಿಮಾಡಿ, ಮಣ್ಣನ್ನು ಬೆರಸಿ, ಸುಮಾರು 1450 ಡಿಗ್ರಿಯ ಉರಿಯಲ್ಲಿ ಸುಡುವರು. ಶುದ್ಧವಾದ ಸುಣ್ಣದ ಕಲ್ಲು 100 ಸೇರು ಸುಟ್ಟರೆ 44 ಸೇರು ಇಂಗಾಲಾಮ್ಲ ವಾಯುವಾಗಿ ಆಕಾಶಕ್ಕೆ ಹೋಗಿ 56 ಸೇರು ಸುಣ್ಣ ಮಾತ್ರ ಉಳಿಯುವುದು. ಒಂದು ಟನ್ನು ಸಿಮೆಂಟಿಗೆ ಸುಮಾರು ಒಂದೂವರೆ ಟನ್ನು ಕಲ್ಲು ಬೇಕು. ನಾವು ಕಟ್ಟಿದ ಪ್ರತಿಯೊಂದು ಮಹಡಿಗೂ ಎಲ್ಲಿಯೋ ಒಂದು ಹೊಂಡವು ಜೊತೆಯಾಗಿ ಹುಟ್ಟುತ್ತದೆ. ಮಹಡಿಯು ಕಣ್ಣೆದುರಿಗಿರುತ್ತದೆ, ಹೊಂಡವು ಕಣ್ಮರೆಯಲ್ಲಿ.

ಇದನ್ನು ಬರೆಯುವುದು ಕಲ್ಲು ಕಡಿಯುವುದೇ ಪಾಪವೆಂದು ಹೇಳುವುದಕ್ಕಲ್ಲ. ಈ ಸೀಮೆಯ ಕೀರ್ತಿಯೆಲ್ಲವೂ ಸುಣ್ಣದ ಕಲ್ಲಿನ ಮೇಲೆಯೇ ನಿಂತಿದೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದರ ಮಾಳಿಗೆ ಕುಸಿದಾಗ ದೇವಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನವು ಸಿಕ್ಕಿತು. ಅದರ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಹೊರಬಂದ ಸ್ತೂಪದ ಸುಣ್ಣಗಲ್ಲಿನ ಫಲಕವೊಂದರಲ್ಲಿ ಅಶೋಕನ ರೂಪವನ್ನು ಅವನ ಹೆಸರಿನೊಂದಿಗೆ ಕೆತ್ತಿದ್ದಾರೆ. ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ರಾಷ್ಟ್ರಕೂಟರ ಮಾನ್ಯಖೇಟದ ನೆಲೆಯಲ್ಲಿ ನಿಂತಿರುವ ಕೋಟೆಯೂ ಈ ಜಾತಿಯ ಕಲ್ಲಿನದೇ. ಪೂರ್ವಿಕರೂ ಕಲ್ಲನ್ನು ಕಡಿದರು. ಆದರೆ ಅವರು ಕಡಿದುದು ಕೈಯಿಂದ, ಕೈಗೆ ನಿಲುಕುವಷ್ಟು. ನಾವು ಕಡಿದುದು ಯಂತ್ರದಿಂದ, ಯಂತ್ರಕ್ಕೆ ನಿಲುಕುವಷ್ಟು. ಕೋಲಾರದ ಚಿನ್ನದ ಗಣಿಯನ್ನು ನೋಡಿರಿ: 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡು, ಮೂರು ಕಿಲೋಮೀಟರಿಗೂ ಮಿಕ್ಕಿ ಪಾತಾಳಕ್ಕಿಳಿದ ಆ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನವು ಹೋಯಿತು, ಅರೆದುಳಿದ ಮಣ್ಣಿನ ಗುಡ್ಡಗಳು ಊರಿನ ನೆತ್ತಿಯ ಮೇಲೆ ಉಳಿದುವು. ಅವುಗಳನ್ನು ನೋಡುವುದಕ್ಕೂ ಬೆಂಗಳೂರಿನ ಹುಡುಗರು ಮೋಟಾರು ಸೈಕಲ್ಲುಗಳ ಮೇಲೆ ಹೋಗುತ್ತಾರಂತೆ.

ಖಣಿಯನ್ನು ತೆರೆಯುವವನು ಅದನ್ನು ಮುಚ್ಚುವ ಬಗೆಯನ್ನೂ ಮೊದಲೇ ಬರೆದುಕೊಡಬೇಕೆಂಬ ನಿಯಮವು, ಸಿಮೆಂಟಿನ ಸುಣ್ಣಗಲ್ಲಿನಂಥ ದೊಡ್ಡ ಖನಿಜಗಳಿಗೆ, ನಮ್ಮ ದೇಶದಲ್ಲಿ ಬಂದುದು 2003ರಲ್ಲಿ. ಅದಕ್ಕೆ ಮುಂಚೆಯೇ ತೋಡಿ ಬಿಟ್ಟ ಗುಂಡಿಗಳಿಗೆ ಹೊಣೆಗಾರನನ್ನು ಹುಡುಕುವುದು ಕಷ್ಟ. ಹುಡುಗರು ಇದನ್ನು ಕೇಳಿ, “ಹಾಗಾದರೆ ಮಾಮಾ, ಇದು ಯಾರ ಹೊಂಡ?” ಎಂದು ಕೇಳಿದರು. ನನಗೆ ಆಗ ನೆನಪಾದುದು, ನಾವು ಬಂದ ದಾರಿಯ ಹತ್ತಿರದಲ್ಲಿಯೇ ಇರುವ ಮರತೂರು. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಊರೆಂದು ಅದಕ್ಕೆ ಖ್ಯಾತಿ. ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲುಂಟೆಂದು ಹೇಳುವ ಆ ಧರ್ಮಶಾಸ್ತ್ರದ ಪರಂಪರೆಯೇ ತಂದೆಯ ಸಾಲವನ್ನು ತೀರಿಸುವ ಹೊಣೆಯನ್ನೂ ಮಗನ ಮೇಲೆ ಹೊರಿಸಿತು. ಅಧರ್ಮದ ಸಾಲವನ್ನು ಮಾತ್ರ ಹೊರತು ಮಾಡಿತು. 2005ರ ತಿದ್ದುಪಡಿಯು ಆ ಹೊಣೆಯನ್ನು ಕಾನೂನಿನಿಂದ ತೆಗೆದುಹಾಕಿತು. ಆದರೆ ನೆಲದ ಸಾಲವನ್ನು ತೆಗೆದುಹಾಕುವ ತಿದ್ದುಪಡಿಯು ಯಾವ ಸಭೆಯಲ್ಲಿಯೂ ಆಗಲಾರದು. ನಮ್ಮ ಮನೆಯ ಪಡಸಾಲೆಗೆ ಶಹಾಬಾದದ ಕಲ್ಲನ್ನು ಹಾಸಿಸಿದವರು ನನ್ನ ತಂದೆ. ಅದರ ಮೇಲೆ ನಾನು ಅಂಬೆಗಾಲಿಟ್ಟೆನು, ನನ್ನ ತಂಗಿ ರಂಗವಲ್ಲಿಯನ್ನಿಟ್ಟಳು. ಬೇಸಗೆಯ ಮಧ್ಯಾಹ್ನಗಳಲ್ಲಿ ಅದರ ತಂಪಿನ ಮೇಲೆ ಚಾಪೆಯಿಲ್ಲದೆ ಮಲಗಿ ನಿದ್ರಿಸಿದೆವು. ಆ ತಂಪನ್ನು ಅನುಭವಿಸಿದವನು ಈ ಹೊಂಡವು ತನ್ನದಲ್ಲವೆಂದು ಹೇಗೆ ಹೇಳಲಿ?

ಹುಡುಗರಿಗೆ ನನ್ನ ವೇದಾಂತವು ಎಷ್ಟು ಹಿಡಿಸಿತೋ ತಿಳಿಯದು. ಫೋನನ್ನು ಕಳೆದುಕೊಂಡವನು ಮಾತ್ರ ಎದ್ದು, “ಮುತ್ಯಾ, ಊರಿನ ಮಕ್ಕಳು ಈ ಕಡಿ ಬರ್ತಾರೇನು?” ಎಂದು ಕೇಳಿದನು. ಆಡು ಮೇಯಿಸುವವರೂ ಬಟ್ಟೆ ಒಗೆಯುವವರೂ ಬರುವ ಕಾಲುದಾರಿಯೊಂದು ಹೊಂಡದ ಪೂರ್ವದ ಅಂಚಿನ ಮೇಲೆಯೇ ಹಾದುಹೋಗುವುದೆಂದು ಮುತ್ಯಾ ತೋರಿಸಿದನು. ಅದಾದ ಮುಂದಿನ ಎರಡು ಭಾನುವಾರಗಳಲ್ಲಿ ಆ ಎಂಟು ಮಂದಿಯೂ ಬೇರೆಲ್ಲಿಗೂ ಹೋಗಲಿಲ್ಲ. ಊರಿನ ಹಿರಿಯರನ್ನು ಕೇಳಿಕೊಂಡು, ಮುತ್ಯಾನ ಮೇಲ್ವಿಚಾರಣೆಯಲ್ಲಿ, ಅಂಚಿನಿಂದ ಹತ್ತು ಹೆಜ್ಜೆ ಹಿಂದಕ್ಕೆ, ಕಾಲುದಾರಿಯುದ್ದಕ್ಕೂ ದಿಬ್ಬದ ಚೂರುಗಲ್ಲನ್ನೇ ಅಡುಕಿ ಎದೆಯುದ್ದದ ಗೋಡೆಯೊಂದನ್ನು ಕಟ್ಟಿದರು. ಮೇಲಿನ ಸಾಲಿಗೆ ಸುಣ್ಣವನ್ನು ಬಳಿದರು. ಪೂರ್ತಿ ಸುತ್ತು ಬೇಲಿ ಹಾಕಬೇಕೆಂದು ಸಂಬಂಧಪಟ್ಟವರಿಗೆ ಬರೆದ ಅರ್ಜಿಯ ಒಕ್ಕಣೆಯನ್ನು ತಿದ್ದಿಕೊಡುವ ಕೆಲಸವು ನನ್ನ ಪಾಲಿಗೆ ಬಂದಿತು. ನಾಲ್ಕು ಮೂಲೆಯ ಹೊಂಡಕ್ಕೆ ಒಂದೇ ಬದಿಯ ಗೋಡೆ, ಅಲ್ಪವೇ ಸರಿ. ಮೂರು ಬದಿಗಳು ಇನ್ನೂ ಉಳಿದಿವೆಯೆಂಬುದನ್ನು ಅವರೂ ಮರೆತಿಲ್ಲ, ನಾನೂ ಮರೆತಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮಕ್ಕಳು ಎಲ್ಲಿಗೆ ಹೋಗುವರೆಂದು ಕೇಳಿರಿ. ‘ಬೇಡ’ ಎನ್ನುವುದಕ್ಕೆ ಮೊದಲು ಆ ಸ್ಥಳದ ಸ್ವರೂಪವನ್ನು ತಿಳಿದುಕೊಂಡು ಹೇಳಿರಿ. ಕಾರಣವಿಲ್ಲದ ನಿಷೇಧವು ಕಳ್ಳದಾರಿಯನ್ನು ಹುಡುಕುತ್ತದೆ. ನಡೆಯುತ್ತಿರುವ ಖಣಿಗೆ ಅಪ್ಪಣೆಯಿಲ್ಲದೆ ಯಾರೂ ಹೋಗತಕ್ಕದ್ದಲ್ಲ. ಪಾಳುಬಿದ್ದ ಖಣಿಯನ್ನು ನೋಡಲು ಹೋಗುವವರು ಊರಿನವನೊಬ್ಬನನ್ನು ಜೊತೆಗೆ ಕರೆದುಕೊಂಡು, ಅಂಚಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಲಿ, ಮಳೆಗಾಲದಲ್ಲಿ ಹೋಗದಿರಲಿ, ನೀರಿಗೆ ಇಳಿಯದಿರಲಿ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬಾರದು. ಹಗ್ಗ, ಸೀರೆ, ಪಂಚೆ, ಖಾಲಿ ಕೊಡ, ಗಾಡಿಯ ಗಾಳಿ ತುಂಬಿದ ಟ್ಯೂಬು, ಕೈಗೆ ಸಿಕ್ಕಿದುದನ್ನು ಎಸೆದು 112ಕ್ಕೆ ಕೂಗಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋದ ಮನೆಗಳು ನಮ್ಮ ನಾಡಿನಲ್ಲಿ ಕಡಮೆಯಿಲ್ಲ. ನಿಮ್ಮ ಊರಿನ ಹತ್ತಿರ ಅಂಥ ಹೊಂಡವಿದ್ದರೆ, ಬೇಲಿಯುಂಟೋ ಇಲ್ಲವೋ ಈ ವಾರವೇ ಹೋಗಿ ನೋಡಿ ಬನ್ನಿರಿ.

ಆ ದಿನ ಸಂಜೆ ನಾವು ಮನೆಗೆ ಮರಳಿದಾಗ ತಂಗಿಯು ಬಾಗಿಲಲ್ಲಿಯೇ ನಿಂತಿದ್ದಳು. ಮಗನ ಅಂಗಿಯ ಮೊಣಕೈ ಹರಿದುದನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಏನನ್ನೂ ಕೇಳಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟಳು. ಅವನು ಒಳಗೆ ಬಂದು ಪಡಸಾಲೆಯ ಬರಿಯ ಕಲ್ಲಿನ ಮೇಲೆ ಅಂಗಾತ ಮಲಗಿ, ಬಹಳ ಹೊತ್ತಿನವರೆಗೆ ಅಂಗೈಯಿಂದ ಅದನ್ನು ಸವರುತ್ತಿದ್ದನು.